ಅಯಸ್ಕಾಂತ ಆರಿಸುವ ಸಮಾರಂಭ

ನಮ್ಮ ವಿರಳ ಧಾತು ಸಂಶೋಧನಾ ಸಂಸ್ಥೆಯಲ್ಲಿ ಯಾವ ಸಂಖ್ಯೆಯೂ ಇಳಿಯತಕ್ಕದ್ದಲ್ಲ. ಜಾಲಹಳ್ಳಿಯಿಂದ ಯಲಹಂಕಕ್ಕೆ ಹೋಗುವ ದಾರಿಯಲ್ಲಿ, ನೀಲಗಿರಿ ತೋಪಿನ ಹಿಂದೆ ಸಂಸ್ಥೆ ಶುರುವಾದಾಗಿನಿಂದ ಪ್ರತಿ ವಾರ್ಷಿಕ ವರದಿಯಲ್ಲೂ ಎಲ್ಲವೂ ಏರುತ್ತಲೇ ಬಂದಿದೆ: ಪ್ರಬಂಧಗಳು, ಅತಿಥಿಗಳು, ಕ್ಯಾಂಟೀನಿನ ಇಡ್ಲಿ, ಒಂದು ವರ್ಷ ಏರಿಸಲು ಬೇರೇನೂ ಸಿಗದೆ ಆವರಣದ ನಾಯಿಗಳು. ಆಡಳಿತ ವಿಭಾಗದ ಸೂಪರಿಂಟೆಂಡೆಂಟ್ ಆದ ನಾನು, ಸುಬ್ರಮಣಿ, ಈ ಏರಿಕೆಯ ಉಸ್ತುವಾರಿ.

ಇಂಥ ಸಂಸ್ಥೆಗೆ ಕಳಂಕ ತರಲು ಹೊರಟವಳು ಶಶಿರೇಖಾ. ರಾಜಾನುಕುಂಟೆಯಿಂದ ಬಸ್ಸಿನಲ್ಲಿ ಬರುವ ಈ ಹುಡುಗಿ ಪಿಎಚ್.ಡಿ.ಗಾಗಿ ಎರಡು ವರ್ಷ ಕುಲುಮೆ ಕಾಯ್ದು ಒಂದೇ ಒಂದು ಹರಳು ಬೆಳೆಸಿದ್ದಳು. ಲ್ಯಾಂಥನಂ ಎಂಬ ವಿರಳ ಧಾತು ಸೇರಿದ, ಅಕ್ಕಿಕಾಳಿನಷ್ಟು ದೊಡ್ಡ ಕಪ್ಪು ಅರೆವಾಹಕ. ಅದನ್ನು ದೊಡ್ಡ ಅಯಸ್ಕಾಂತದ ಎರಡು ಧ್ರುವಗಳ ನಡುವೆ ಇಟ್ಟು ಕರೆಂಟು ಹಾಯಿಸಿದಳು. ಅಯಸ್ಕಾಂತ ಆಫ್ ಇದ್ದಾಗ ಕರೆಂಟಿಗೆ ಹರಳು ಒಡ್ಡುವ ಅಡ್ಡಿ ಜಾಸ್ತಿ, ಆನ್ ಮಾಡಿದರೆ ಕಡಿಮೆ. ಅಂದರೆ ಅಯಸ್ಕಾಂತದಿಂದ ವಿದ್ಯುತ್ ರೋಧ ಇಳಿಯುತ್ತದೆ. ಇದನ್ನು ಆಕೆ ನಗುನಗುತ್ತಾ ಬಂದು ಹೇಳಿದಳು.

ನಿರ್ದೇಶಕ ಡಾ. ಆನಂದಪ್ಪನವರು ಕನ್ನಡಕ ತೆಗೆದಿಟ್ಟರು.

"ಎಷ್ಟು ಇಳೀತಮ್ಮಾ?"

"ಅರ್ಧಕ್ಕರ್ಧ ಸರ್. ಈ ಥರ ಹರಳಲ್ಲಿ ಇಷ್ಟು ಯಾರಿಗೂ ಬಂದಿಲ್ಲ."

"ಯಾರಿಗೂ ಬರದೇ ಇರೋದು ನಮಗ್ಯಾಕಮ್ಮಾ ಬಂತು?"

"ಪ್ರಕೃತೀನೇ ಹಂಗಿದೆ ಸರ್."

"ವಾರ್ಷಿಕ ವರದಿ ಪ್ರಕೃತಿ ಬರೆಯಲ್ಲ. ಸುಬ್ರಮಣಿ ಬರೀತಾರೆ."

ನಾನು ನಿಯಮ ವಿವರಿಸಿದೆ. ಇಳಿಕೆ ತೋರಿಸಿದ ಯೋಜನೆಗೆ ಮುಂದುವರಿಕೆ ಇಲ್ಲ. ಮುಂದುವರಿಕೆ ಇಲ್ಲದವರು ಪ್ರಬಂಧ ಸಲ್ಲಿಸುವಂತಿಲ್ಲ. ಮಾರ್ಚ್ ಮುಗಿದರೆ ಆಕೆ ಪದವಿಯಿಲ್ಲದೆ ಮನೆಯ ಬಸ್ಸು ಹತ್ತಬೇಕು. ಹುಡುಗಿಯ ಮುಖ ಬಾಡಿಹೋಯಿತು. ನನಗೆ ನಿಜವಾಗಿಯೂ ಪಾಪ ಅನ್ನಿಸಿತು, ಆದ್ದರಿಂದ ತಲೆ ಓಡಿಸಿದೆ.

"ಅಯಸ್ಕಾಂತ ಮೊದಲೇ ಆನ್ ಮಾಡಿಟ್ಟು, ಆಮೇಲೆ ಆಫ್ ಮಾಡಿದ್ರೆ ಏನಾಗುತ್ತಮ್ಮಾ?"

"ಏರುತ್ತೆ ಸರ್. ಆದ್ರೆ ಅದು ಅದೇ ವಿಷಯ, ಹಿಂದುಮುಂದಾಗಿ ಅಷ್ಟೇ."

"ಹಿಂದುಮುಂದಾಗಿ ಮಾಡ್ಬಾರ್ದು ಅಂತ ಎಲ್ಲೂ ಬರೆದಿಲ್ಲ," ಎಂದರು ಆನಂದಪ್ಪನವರು.

ಮರುದಿನವೇ ಸುತ್ತೋಲೆ ಹೊರಟಿತು: "ಇನ್ನು ಮುಂದೆ ಸಂಸ್ಥೆಯ ಸಮಸ್ತ ಪ್ರಯೋಗಗಳನ್ನು ಅಯಸ್ಕಾಂತ ಆರಿಸುವ ಮೂಲಕ ಆರಂಭಿಸತಕ್ಕದ್ದು. ಅದಕ್ಕೂ ಮುನ್ನ ಅಯಸ್ಕಾಂತವನ್ನು ಚಾಲೂ ಮಾಡುವ ಕ್ರಿಯೆಯನ್ನು ಪ್ರಯೋಗವೆಂದು ಪರಿಗಣಿಸತಕ್ಕದ್ದಲ್ಲ." ಶಶಿರೇಖಾಳ ಪ್ರಬಂಧದ ಹೆಸರು 'ಅಯಸ್ಕಾಂತದ ಪರಿಣಾಮ' ಎಂದಿದ್ದದ್ದು 'ಅಯಸ್ಕಾಂತ ಇಲ್ಲದಿರುವುದರ ಪರಿಣಾಮ' ಎಂದಾಯಿತು. "ಡಿಗ್ರಿ ಬಂದ್ರೆ ಸಾಕು ಸರ್, ಏನಾದ್ರೂ ಇಟ್ಕೊಳ್ಳಿ," ಅಂದಳು.

ಏರಿಕೆ ಅಂದಮೇಲೆ ಸಮಾರಂಭ ಆಗಲೇಬೇಕು. ಮಾನ್ಯ ಅತಿಥಿಗಳು ಟೇಪು ಕತ್ತರಿಸಿ, ನಂತರ ತಮ್ಮ ಅಮೃತಹಸ್ತದಿಂದ ಸ್ವಿಚ್ ಆರಿಸುವುದೆಂದು ನಿಗದಿಯಾಯಿತು. ಟೇಪನ್ನು ಅಯಸ್ಕಾಂತಕ್ಕೇ ಕಟ್ಟಿಸಿದೆ. ಲ್ಯಾಬ್ ತಂತ್ರಜ್ಞ ರಿಯಾಜ್ ಓಡಿ ಬಂದ.

"ಸಾರ್, ಅದು ಆನ್ ಇರ್ಬೇಕಾದ್ರೆ ಕಬ್ಬಿಣ ಹತ್ರ ತರ್ಬೇಡಿ. ಎಳ್ಕೊಂಬಿಡುತ್ತೆ. ಮೊದ್ಲು ಆಫ್ ಮಾಡಿ, ಆಮೇಲೆ ಟೇಪ್ ಕಟ್ ಮಾಡ್ಸಿ."

ಕಡತ ತೆಗೆದು ನೋಡಿದೆ. ಕಬ್ಬಿಣದ ನಿಷೇಧ ಲ್ಯಾಬಿನ ಸಾಮಾನುಗಳಿಗೆ ಮಾತ್ರ ಅನ್ವಯ. ಕತ್ತರಿ ಸ್ಟೋರಿನದು. ಅಲ್ಲದೆ ಟೇಪಿಗೆ ಮುಂಚೆ ಸ್ವಿಚ್ ಮುಟ್ಟಿದ ಅತಿಥಿ ಈ ರಾಜ್ಯದಲ್ಲಿ ಯಾರೂ ಇಲ್ಲ.

ಸಮಾರಂಭದ ದಿನ ಪ್ರಾರ್ಥನೆ, ಸ್ವಾಗತ, ಹಾರ ಎಲ್ಲ ಸಾಂಗವಾಗಿ ನಡೆದವು. ನಾನು ಕತ್ತರಿ ಇದ್ದ ತಟ್ಟೆ ಹಿಡಿದು ಅತಿಥಿಗಳ ಪಕ್ಕಕ್ಕೆ ಬಂದೆ. ಕತ್ತರಿ ತಟ್ಟೆಯಿಂದ ಎದ್ದು ನೇರವಾಗಿ ಅಯಸ್ಕಾಂತದ ಕಡೆ ಹೋಯಿತು. ನಾನು ಕೊಟ್ಟದ್ದಲ್ಲ, ಅದೇ ಹೋದದ್ದು ಎಂದು ಲಿಖಿತವಾಗಿ ತಿಳಿಸಿದ್ದೇನೆ. ಎರಡು ಧ್ರುವಗಳ ನಡುವೆ ನುಗ್ಗಿದ ಅದು ಹರಳನ್ನು ಎರಡು ಹೋಳು ಮಾಡಿ ಅಲ್ಲೇ ಅಂಟಿಕೊಂಡಿತು.

ಶಶಿರೇಖಾ ನೆಲದ ಮೇಲೆ ಕೂತುಬಿಟ್ಟಳು. "ಇರೋದೇ ಒಂದು ಸರ್," ಅಂದಳು, ಯಾರಿಗೆ ಅಂತಿಲ್ಲದೆ. ಹೋಗಿ ಎಬ್ಬಿಸೋಣ ಎಂದುಕೊಂಡೆ. ಆದರೆ ಅತಿಥಿಗಳು ಇನ್ನೂ ನಿಂತಿದ್ದರು, ಹಾಗಾಗಿ ತಟ್ಟೆ ಕೆಳಗಿಡಲಿಲ್ಲ.

ಅತಿಥಿಗಳು ಮೀಟರಿನತ್ತ ಬಾಗಿದರು. "ಇದೇನ್ರೀ, ಇದ್ರಲ್ಲಿ ನಂಬರೇ ಇಲ್ವಲ್ಲ?"

"ಹರಳು ಒಡೆದೋಯ್ತು ಸಾರ್," ಎಂದ ರಿಯಾಜ್. "ಕರೆಂಟ್ ಹೋಗೋಕೆ ದಾರೀನೇ ಇಲ್ಲ. ರೋಧ ಈಗ ಅನಂತ. ಮೀಟರ್‌ಗೆ ಸಿಗಲ್ಲ."



"ಅಂದ್ರೆ ಏರಿದೆ?" ಎಂದು ಕೇಳಿದರು ಆನಂದಪ್ಪನವರು.

ರಿಯಾಜ್ ಶಶಿರೇಖಾಳ ಕಡೆ ನೋಡಿದ. "ಏರಿದೆ ಸಾರ್."

ಚಪ್ಪಾಳೆ ನಿಲ್ಲಲು ಬಹಳ ಹೊತ್ತು ಹಿಡಿಯಿತು. ಶೂನ್ಯವನ್ನು ಕೊಟ್ಟ ನಾಡು ಇಂದು ಅನಂತವನ್ನೂ ಕೊಟ್ಟಿದೆ ಎಂದು ಅತಿಥಿಗಳು ಭಾಷಣ ಮಾಡಿದರು. ಟೇಪು ಕತ್ತರಿಸಲಾಗಿದೆಯೆಂದು ಭಾವಿಸತಕ್ಕದ್ದು ಎಂಬ ಟಿಪ್ಪಣಿಗೆ ಅಲ್ಲೇ ಸಹಿಯಾಯಿತು.

ಪ್ರಬಂಧ ಸ್ವೀಕೃತವಾಯಿತು. ಪರಿಶೀಲಿಸಲು ಹರಳೇ ಇಲ್ಲದ ಕಾರಣ ಪರೀಕ್ಷಕರು ಯಾವ ಆಕ್ಷೇಪವನ್ನೂ ಎತ್ತಲಿಲ್ಲ. ಡಾ. ಶಶಿರೇಖಾ ಅವರು ಈಗ ನಮ್ಮಲ್ಲೇ ವಿಜ್ಞಾನಿ. ಕುಲುಮೆಯಲ್ಲಿ ಹೊಸ ಹರಳೊಂದನ್ನು ಬೆಳೆಸುತ್ತಿದ್ದಾರೆ, ಮೊದಲಿನದಕ್ಕಿಂತ ಚೆನ್ನಾಗಿದೆಯಂತೆ.

ಮೊನ್ನೆ ಈ ವರ್ಷದ ಗುರಿ ಬಂತು: ಕಳೆದ ಸಾಲಿಗಿಂತ ಶೇಕಡಾ ಹತ್ತು ಹೆಚ್ಚು. ಅನಂತದ ಮೇಲೆ ಶೇಕಡಾ ಹತ್ತು. ನಿರ್ದೇಶಕರು ಡಾ. ಶಶಿರೇಖಾ ಅವರನ್ನು ಕರೆಸಿ, ಆಗುತ್ತೇನಮ್ಮಾ ಎಂದು ಕೇಳಿದರು. ಅವರು ಬಾಗಿಲಾಚೆ ಕಾಣುತ್ತಿದ್ದ ಕುಲುಮೆಯನ್ನು ಕೊಂಚ ಹೊತ್ತು ನೋಡಿದರು.

"ಆಗುತ್ತೆ ಸರ್. ಈ ಸಲ ಎರಡು ಕತ್ತರಿ ಇಡ್ಸಿ."

ಸ್ಟೋರಿಗೆ ಬರೆದಿದ್ದೇನೆ.