ರುದ್ರವ್ವನವರು ಮತ್ತೆ ಗೊಣಗಬೇಕೆಂದು ಕೋರಿ

ಇಂದ:
ರಮಾನಾಥ ಶೆಟ್ಟಿ,
ಮಾಲೀಕ (ಎಂದು ಬೋರ್ಡಿನಲ್ಲಿ ಬರೆದಿದೆ),
ಹೋಟೆಲ್ ನವಪ್ರಸನ್ನ,
ಕೋರ್ಟಿನ ಹಿಂದಿನ ಗಲ್ಲಿ, ಫೋರ್ಟ್, ಮುಂಬಯಿ.

ಗೆ:
ಶ್ರೀಮತಿ ರುದ್ರವ್ವನವರು,
ಮುಖ್ಯಸ್ಥರು, ಚಟ್ನಿ ಮತ್ತು ತರಕಾರಿ ವಿಭಾಗ,
ಅದೇ ಹೋಟೆಲು, ಒಳಗಿನ ಅಡುಗೆಮನೆ.

ವಿಷಯ: "ಇಲ್ಲ", "ಆಗುವುದಿಲ್ಲ", "ಕೆಟ್ಟಿದೆ" ಮುಂತಾದ ಮಾತುಗಳ ಮೇಲೆ ನಾನು ಹೇರಿದ್ದ ನಿಷೇಧವನ್ನು ಹಿಂಪಡೆದು, ತಾವು ಮೊದಲಿನಂತೆ ಗೊಣಗಲು ಆರಂಭಿಸಬೇಕೆಂದು ಪ್ರಾರ್ಥಿಸುವ ಬಗ್ಗೆ.

ಉಲ್ಲೇಖ: 1. ಗೋಡೆಗೆ ಅಂಟಿಸಿದ್ದ ನನ್ನ ಸುತ್ತೋಲೆ.
2. ಪಾತ್ರೆ ತೊಳೆಯುವ ಕಟ್ಟೆಯ ಬಳಿ ತಾವು ನನಗೆ ನೀಡಿದ ಮೌಖಿಕ ಆದೇಶ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ತಮಗೆ ಚೆನ್ನಾಗಿ ಗೊತ್ತಿರುವುದನ್ನೇ ತಮಗೆ ತಿಳಿಸುವುದು ಅರ್ಜಿಯ ಧರ್ಮವಾದ ಕಾರಣ, ಈ ಕೆಳಗಿನ ಅಂಶಗಳನ್ನು ತಮ್ಮ ಅವಗಾಹನೆಗೆ ತರಬಯಸುತ್ತೇನೆ.

1. ನಮ್ಮ ಹೋಟೆಲಿನಲ್ಲಿ ನಕಾರಾತ್ಮಕ ಸಿಬ್ಬಂದಿ ಇಬ್ಬರು. ಒಬ್ಬರು ದೋಸೆ ಹೊಯ್ಯುವ ಚೆನ್ನಯಣ್ಣ, ಇನ್ನೊಬ್ಬರು ತಾವು. ಹೊಸ ಫ್ರಿಜ್ ಬಂದ ದಿನ ನಾನು ಅದಕ್ಕೆ ಹೂವಿನ ಹಾರ ಹಾಕುತ್ತಿದ್ದರೆ ಚೆನ್ನಯಣ್ಣ, "ಹಾಕಿ ಶೆಟ್ರೇ, ಹೇಗೂ ಮಳೆಗಾಲ ದಾಟುದಿಲ್ಲ ಅದು" ಎಂದರು. ತಾವು, "ಹಾರಾ ಬಾಡೇತ್ರಿ" ಎಂದಿರಿ. ಉಳಿದ ಎಲ್ಲ ವಿಷಯದಲ್ಲೂ ತಮ್ಮಿಬ್ಬರಿಗೆ ಒಬ್ಬರನ್ನೊಬ್ಬರು ಕಂಡರಾಗದು. ಅವರಿಗೆ ತಮ್ಮ ಚಟ್ನಿ ಖಾರ, ತಮಗೆ ಅವರ ದೋಸೆ ದಪ್ಪ. ತಾವಿಬ್ಬರೂ ಒಮ್ಮತದಿಂದ ಇದ್ದದ್ದು ಒಂದೇ ವಿಷಯದಲ್ಲಿ. ಅದು ನಾನು.

2. ಆದ್ದರಿಂದ ನಾನು ಬೇಸತ್ತಿದ್ದೆ. ಮಗಳು ಯಕ್ಷಿತಾ ಪವಾಯಿಯ ಐಟಿ ಆಫೀಸಿನಲ್ಲಿ ಇರುವವಳು. ಒಂದು ದಿನ ಹೋಟೆಲಿಗೆ ಬಂದು ಅರ್ಧ ಗಂಟೆ ಕುಳಿತು, "ಪಪ್ಪ, ನಿಮ್ಮ ಸ್ಟಾಫ್ ತುಂಬಾ ನೆಗೆಟಿವ್ ಇದೆ. ಯೇ ಸಬ್ ಚೇಂಜ್ ಕರ್ನಾ ಪಡೇಗಾ" ಎಂದು ತೀರ್ಪು ಕೊಟ್ಟು, ನನ್ನನ್ನು ಪವಾಯಿಯಲ್ಲೇ ನಡೆದ ಒಂದು ತರಬೇತಿ ಶಿಬಿರಕ್ಕೆ ಸೇರಿಸಿದಳು. ಅಲ್ಲಿ ಕೆನ್ನೆಗೆ ಮೈಕ್ ಅಂಟಿಸಿಕೊಂಡ ಒಬ್ಬರು, ನಕಾರಾತ್ಮಕ ನೌಕರನೆಂದರೆ ಬುಟ್ಟಿಯೊಳಗಿನ ಕೊಳೆತ ಟೊಮೆಟೊ ಎಂದು ಹಿಂದಿಯಲ್ಲಿ ಬೋಧಿಸಿದರು. ನಾನು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದೆ. ನಮ್ಮ ಹೋಟೆಲಿನಲ್ಲಿ ಕೊಳೆತ ಟೊಮೆಟೊ ಆರಿಸಿ ಎಸೆಯುವವರೇ ತಾವು ಎಂಬುದು ಆ ಹೊತ್ತಿನಲ್ಲಿ ನನ್ನ ತಲೆಗೆ ಹೊಳೆಯಲಿಲ್ಲ. ಅಲ್ಲಿ ಏಸಿ ಬಹಳ ತಂಪಾಗಿತ್ತು.

3. ಮರುದಿನವೇ ಉಲ್ಲೇಖ 1ರ ಸುತ್ತೋಲೆ ಗೋಡೆಗೆ ಏರಿತು. ಅದರಂತೆ ಹೋಟೆಲಿನೊಳಗೆ ಯಾರೂ ನಕಾರದ ಮಾತು ಆಡಕೂಡದು. ಆಡಿದವರು ಎಲ್ಲರೆದುರು ನಿಂತು, ಚಪ್ಪಾಳೆ ತಟ್ಟಿ, "ನಾನು ಖುಷಿಯಾಗಿದ್ದೇನೆ" ಎನ್ನಬೇಕು. ವೇಟರ್ ತಿಲಕ್ ಇದನ್ನು ಬೇಗ ಕಲಿತ. ನಮ್ಮ ಹಳೇ ಗಿರಾಕಿ ವಕೀಲರು ಬಂದು ಶೀರಾ ಉಂಟಾ ಎಂದು ಕೇಳಿದಾಗ ಅವನು "ಇಲ್ಲ" ಎನ್ನದೆ, "ಶೀರಾ ನಾಳೆ ಬೆಳಿಗ್ಗೆ ಖಂಡಿತ ಸಿಗ್ತದೆ ಸಾರ್, ಕೂತ್ಕೊಳ್ಳಿ" ಎಂದ. ವಕೀಲರು ಸ್ವಲ್ಪ ಹೊತ್ತು ಕುಳಿತೂ ಇದ್ದರು. ಕಿವಿ ಮಂದ.

4. ಚೆನ್ನಯಣ್ಣ ಮೊದಲ ದಿನವೇ, "ಬೆನ್ನಿನಲ್ಲಿ ಎಂತದೋ ಹಿಡಿದ ಹಾಗೆ ಆಗ್ತದೆ ಶೆಟ್ರೇ, ಎದೆಯವರೆಗೆ ಬರ್ತದೆ" ಎಂದರು. ಅವರಿಗೆ ಪ್ರತಿದಿನವೂ ಎಲ್ಲಾದರೊಂದು ಕಡೆ ನೋವು ಇದ್ದೇ ಇರುತ್ತಿದ್ದ ಕಾರಣ ನಾನು ನೋವಿನ ಕಡೆಗೆ ಗಮನ ಕೊಡದೆ, ಸುತ್ತೋಲೆಯ ಕಡೆಗೆ ಬೆರಳು ತೋರಿಸಿದೆ. ಅಷ್ಟು ವಯಸ್ಸಿನ ಮನುಷ್ಯ ಗಿರಾಕಿಗಳ ಎದುರು ನಿಂತು ಚಪ್ಪಾಳೆ ತಟ್ಟಿದರು. ಕೈಯಲ್ಲಿದ್ದ ಹಿಟ್ಟು ಸಿಡಿದು ಅವರ ಕನ್ನಡಕಕ್ಕೆ ಹತ್ತಿತು. ಗಿರಾಕಿಗಳು ನಕ್ಕರು. ನಾನೂ ನಕ್ಕೆನೆಂದು ಇಲ್ಲಿ ದಾಖಲಿಸುತ್ತೇನೆ. ಆಮೇಲೆ ಅವರು ಗೊಣಗುವುದನ್ನೇ ಬಿಟ್ಟರು. "ಹೇಗಿದ್ದೀರಿ ಚೆನ್ನಯಣ್ಣ?" ಎಂದರೆ "ಫಸ್ಟ್ ಕ್ಲಾಸ್" ಎನ್ನುತ್ತಿದ್ದರು. ಮನೆಗೆ ಹೋಗುವ ಬೊರಿವಲಿ ಲೋಕಲ್ ರೈಲಿನಲ್ಲಿ ನೇತಾಡುತ್ತಲೇ ನಾನು ಯಕ್ಷಿತಾಳಿಗೆ ಫೋನ್ ಮಾಡಿ, "ಚೆನ್ನಯಣ್ಣ ಬದಲಾದರು ಮಗಾ" ಎಂದು ವರದಿ ಒಪ್ಪಿಸಿದೆ.

5. ಈಗ ಮುಖ್ಯ ಅಂಶ. ಆ ವಾರವೇ ಒಂದು ಮಧ್ಯಾಹ್ನ, ಊಟದ ಗದ್ದಲದಲ್ಲಿ, ತಾವು ಕೈ ಒರೆಸಿಕೊಳ್ಳುತ್ತ ಗಲ್ಲಾದ ಬಳಿಗೆ ಬಂದಿರಿ.

"ಸಾವ್ಕಾರ್ರ, ಚೆನ್ನಯಣ್ಣಂದು ಯಾಕೋ ಸರಿ ಕಾಣವಲ್ದರಿ..."

"ರುದ್ರವ್ವ," ಎಂದೆ ನಾನು, ಶಿಬಿರದಲ್ಲಿ ಕಲಿತ ನಗೆಯೊಂದಿಗೆ. "ಸಕಾರಾತ್ಮಕವಾಗಿ ಹೇಳಿ."

ತಾವು ನನ್ನ ಮುಖ ನೋಡಿದಿರಿ. ಗೋಡೆ ನೋಡಿದಿರಿ. ತಡವರಿಸಿ ತಡವರಿಸಿ, "ಚೆನ್ನಯಣ್ಣ ಇವತ್ತ ಭಾಳ ಬೆಳ್ಳಗ ಕಾಣ್ತಾನ್ರಿ" ಎಂದಿರಿ.

"ನೋಡಿದಿರಾ! ಹೀಗೆ ಹೇಳಬೇಕು" ಎಂದು ನಾನು ತಮ್ಮನ್ನು ಅಭಿನಂದಿಸಿದೆ.

ಒಂದು ಮಸಾಲೆ ದೋಸೆ ಮಡಚುವಷ್ಟು ಹೊತ್ತು ಕಳೆದಿರಲಿಕ್ಕಿಲ್ಲ. ಚೆನ್ನಯಣ್ಣ ಕಾವಲಿಯ ಕೆಳಗಿನ ಗ್ಯಾಸನ್ನು ತಮ್ಮ ಕೈಯಾರೆ ಆರಿಸಿದರು, ಗೋಡೆಗೆ ಒರಗಿ ನೆಲಕ್ಕೆ ಕುಳಿತರು, ಆಮೇಲೆ ಪಕ್ಕಕ್ಕೆ ವಾಲಿದರು. ನಾನು ಲಿಂಬು ಸೋಡಾ ಹಿಡಿದು ಓಡಿದೆ. ಸುತ್ತೋಲೆಯನ್ನು ಎಲ್ಲರೆದುರು ಉಲ್ಲಂಘಿಸಿ ತಾವು ಕೂಗಿದ ಕೂಗು ಗಲ್ಲಿಯ ತುದಿಯವರೆಗೆ ಕೇಳಿತಂತೆ. "ಸೋಡಾ ಬ್ಯಾಡ್ರಿ! ಟ್ಯಾಕ್ಸಿ ತರಸ್ರಿ ಮೊದಲ! ನಗಬ್ಯಾಡ್ರಿ ನೀವು!" ಗಾಬರಿಯಲ್ಲಿ ಶಿಬಿರದ ನಗೆ ನನ್ನ ಮುಖದಲ್ಲೇ ಉಳಿದುಬಿಟ್ಟಿತ್ತು. ತಿಲಕ್ ಟ್ಯಾಕ್ಸಿ ತಂದ. ಮಂದ ಕಿವಿಯ ವಕೀಲರು ಕಾಲು ಹಿಡಿದರು, ತಾವು ತಲೆ ಹಿಡಿದಿರಿ.

6. ಹೃದಯದ ನಾಳ ಕಟ್ಟಿಕೊಂಡಿತ್ತು. ಆಸ್ಪತ್ರೆಯವರು ಸ್ಟೆಂಟ್ ಹಾಕಿದರು. ಜೀವ ಉಳಿಯಿತು. ಎಚ್ಚರವಾದ ಮೇಲೆ ಡಾಕ್ಟರಮ್ಮ ಎಲ್ಲಿ ನೋವು ಎಂದು ಕೇಳಿದರೆ, ಚೆನ್ನಯಣ್ಣ ಬಾಗಿಲಲ್ಲಿ ನಿಂತ ನನ್ನನ್ನು ನೋಡಿ, "ಎಂತ ಇಲ್ಲ. ಫಸ್ಟ್ ಕ್ಲಾಸ್" ಎಂದರು. ಮತ್ತೆ ಕೇಳಿದರೆ, ಮತ್ತೆ ನನ್ನನ್ನು ನೋಡಿ, ಸೂಜಿ ಚುಚ್ಚಿದ್ದ ಕೈಯನ್ನು ಇನ್ನೊಂದು ಕೈಯ ಹತ್ತಿರ ತಂದರು. ಚಪ್ಪಾಳೆಗೆ. ಡಾಕ್ಟರಮ್ಮ ನನ್ನ ಕಡೆ ತಿರುಗಿ, "ಆಪ್ ಬಾಹರ್ ಜಾಯಿಯೇ" ಎಂದರು. ಹೊರಗಿನ ಬೆಂಚಿನ ಮೇಲೆ ಕುಳಿತು ನಾನು ಏನು ಮಾಡಿದೆನೆಂಬುದು ಈ ಅರ್ಜಿಯ ವ್ಯಾಪ್ತಿಗೆ ಬರುವುದಿಲ್ಲ. ಆದರೆ ಬಾಗಿಲ ಆಚೆಯಿಂದ ಅವರ ದನಿ ಬರತೊಡಗಿತು. ಎದೆ ಹಿಂಡುತ್ತದೆ, ಎಡಗೈ ಜೋಮು, ಫ್ಯಾನು ಕಿರಿಕಿರಿ, ಗಂಜಿಗೆ ಉಪ್ಪಿಲ್ಲ, ಪಕ್ಕದ ಹಾಸಿಗೆಯವನ ಗೊರಕೆ. ಇಷ್ಟು ವರ್ಷ ಕೇಳಿ ಕೇಳಿ ಸಾಕಾಗಿದ್ದ ಆ ದನಿಯನ್ನು ನಾನು ಬಾಗಿಲಿಗೆ ಕಿವಿಯಿಟ್ಟು ಕೇಳಿದೆ. ವಾರ್ಡ್‌ಬಾಯ್ ಬಂದು ಎಬ್ಬಿಸುವವರೆಗೂ ಕೇಳಿದೆ.

7. ಅಂದೇ ಬಂದು ಸುತ್ತೋಲೆಯನ್ನು ಹರಿದೆ. ಆದರೆ ತಾವು ಮಾತ್ರ ಅದನ್ನು ಈಗ ಮೊದಲಿಗಿಂತ ಕಟ್ಟುನಿಟ್ಟಾಗಿ ಪಾಲಿಸುತ್ತಿದ್ದೀರಿ. ತೆಂಗಿನಕಾಯಿ ಹೇಗಿದೆ ಎಂದರೆ "ಚೊಲೋ ಐತ್ರಿ". ಆ ಕಾಯಿಯ ಚಟ್ನಿಯನ್ನು ಇಡೀ ಬಾರ್ ಅಸೋಸಿಯೇಷನ್ ತಟ್ಟೆಯಲ್ಲೇ ಬಿಟ್ಟು ಹೋಯಿತು. ಮೋರಿ ಕಟ್ಟಿ ನೀರು ಪಾದದವರೆಗೆ ಬಂದಾಗಲೂ ತಾವು ಅದರಲ್ಲೇ ನಿಂತು "ಚೊಲೋ ಐತ್ರಿ" ಎಂದಿರಿ. ಕಟ್ಟೆಯ ಬಳಿ ಬಂದು ನಾನು, ತಪ್ಪಾಯಿತು ರುದ್ರವ್ವ, ಮೊದಲಿನ ಹಾಗೆ ಬೈಯಿರಿ ಎಂದು ಕೇಳಿಕೊಂಡೆ. ತಾವು ಪಾತ್ರೆಯಿಂದ ಕಣ್ಣೆತ್ತದೆ ಉಲ್ಲೇಖ 2ರ ಆದೇಶ ಹೊರಡಿಸಿದಿರಿ: "ಬ್ಯಾಡ ಅನ್ನೂದನ್ನ ಬರದು ಗ್ವಾಡಿಗೆ ಹಚ್ಚೀರಿ. ಬೇಕು ಅನ್ನೂದನ್ನೂ ಬರದ ಕೊಡ್ರಿ. ಬಾಯಿಮಾತು ನಾ ನಂಬಂಗಿಲ್ರಿ."

ಕಾರಣ ಈ ಅರ್ಜಿ.

8. ಚೆನ್ನಯಣ್ಣ ಇನ್ನು ಕಾವಲಿಯ ಮುಂದೆ ನಿಲ್ಲಬಾರದೆಂದು ಡಾಕ್ಟರಮ್ಮ ಹೇಳಿರುವುದರಿಂದ, ಅವರು ಬಂದ ಮೇಲೆ ಗಲ್ಲಾದಲ್ಲಿ ಕುಳಿತುಕೊಳ್ಳುವರು. ಗಿರಾಕಿಗಳು ಅಲ್ಲಿಗೆ ಬಂದು ಬೈಸಿಕೊಂಡು ಹೋಗಬಹುದು. ಬೇರೆ ದೋಸೆಯವರು ಸಿಗುವವರೆಗೆ ಕಾವಲಿಯ ಮುಂದೆ ನಾನೇ ನಿಂತಿದ್ದೇನೆ. ನಿನ್ನೆ ನನ್ನ ಮೊದಲ ದೋಸೆಯನ್ನು ತಮ್ಮ ಮುಂದಿಟ್ಟೆ. ಒಂದು ಬದಿ ಕರಿ, ಇನ್ನೊಂದು ಬದಿ ಹಸಿ, ನಡುವೆ ಕಿಟಕಿ. ಅಪ್ಪನ ಕಾಲದಿಂದ ಹೋಟೆಲು ನಡೆಸುತ್ತಿರುವ ನನಗೆ ಅದು ಏನೆಂದು ಗೊತ್ತಿತ್ತು. ತಾವು ಅದನ್ನು ಎಲ್ಲ ಬದಿಯಿಂದ ನೋಡಿ, "ಚೊಲೋ ಐತ್ರಿ ಸಾವ್ಕಾರ್ರ" ಎಂದಿರಿ. ಇಷ್ಟು ಕೆಟ್ಟ ಬೈಗುಳವನ್ನು ನನಗೆ ಈವರೆಗೆ ಯಾರೂ ಬೈದಿರಲಿಲ್ಲ.

ಆದ್ದರಿಂದ, ಮೇಲ್ಕಂಡ ಎಲ್ಲ ಕಾರಣಗಳಿಂದ, ತಾವು ದೊಡ್ಡ ಮನಸ್ಸು ಮಾಡಿ, ಇಂದಿನಿಂದಲೇ ಜಾರಿಗೆ ಬರುವಂತೆ, ನಾನು ಎದುರಿಗಿದ್ದಾಗಲೂ ಇಲ್ಲದಾಗಲೂ, ಮುನ್ಸೂಚನೆ ಕೊಡದೆ, ಯಾವುದೇ ವಿಷಯದ ಮೇಲೆ ಗೊಣಗುವ ತಮ್ಮ ಹಕ್ಕನ್ನು ಮರಳಿ ಚಲಾಯಿಸಬೇಕಾಗಿ ಬೇಡಿಕೊಳ್ಳುತ್ತೇನೆ.

ಇಂತು, ತಮ್ಮ ಬೈಗುಳಕ್ಕೆ ಸದಾ ಪಾತ್ರನಾದ ವಿಶ್ವಾಸಿ,
ರಮಾನಾಥ ಶೆಟ್ಟಿ
(ಸಹಿಯ ಮೇಲೆ ಬಿದ್ದಿರುವುದು ದೋಸೆ ಹಿಟ್ಟು)

ಪ್ರತಿ: ಕು. ಯಕ್ಷಿತಾ, ಪವಾಯಿ. ಅವಳಿಗೆ ಕನ್ನಡ ಓದಲು ಬಾರದ ಕಾರಣ ಫೋನಿನಲ್ಲಿ ಓದಿ ಹೇಳಲಾಗುವುದು.

ಲಗತ್ತುಗಳು:
1. ಸುತ್ತೋಲೆ, ಹರಿದ ಸ್ಥಿತಿಯಲ್ಲಿ.
2. ಆಸ್ಪತ್ರೆಯಿಂದ ಚೆನ್ನಯಣ್ಣನ ಶಿಫಾರಸು, ತಿಲಕ್ ಬರೆದುಕೊಂಡು ತಂದದ್ದು: "ರುದ್ರವ್ವನಿಗೆ ಹೇಳು, ಶೆಟ್ರು ಅರ್ಜಿಯನ್ನೂ ಸರಿಯಾಗಿ ಬರೆದಿರುದಿಲ್ಲ. ಆದ್ರೂ ಅವ್ರು ಕೇಳಿದ ಬೈಗುಳ ಕೊಟ್ಟುಬಿಡ್ಲಿ."
3. ಈಗಷ್ಟೇ ಹೊಯ್ದ ದೋಸೆ ಒಂದು, ಮೂರು ತುಂಡುಗಳಲ್ಲಿ.

ವಿ.ಸೂ.: ಲಗತ್ತು 3 ಆರಿ ತಣ್ಣಗಾಗುವ ಮುನ್ನ ತಿಂದು ನೋಡಿ, ಅದು ಹೇಗಿದೆಯೋ ಹಾಗೆಯೇ ಹೇಳಿ ಆದೇಶ ಹೊರಡಿಸಬೇಕಾಗಿ ವಿನಂತಿ.