ಮೇಷ್ಟ್ರ ಎಂಜಿನ್ನಿಗೆ ಜೀವ ಬಂದ ದಿನ

ತಾಪತ್ರಯವೆಲ್ಲ ಶುರುವಾದದ್ದು ಒಂದು ಪಿನ್ನಿನಿಂದ. ಹೆಬ್ಬೆರಳಿನಷ್ಟು ದಪ್ಪದ ಉಕ್ಕಿನ ಪಿನ್ನು ಪಿಸ್ಟನ್ನಿನ ತೂತಿನೊಳಗೆ ಹೋಗಬೇಕಿತ್ತು. ಡ್ರಾಯಿಂಗ್ ಮೇಷ್ಟ್ರು ಒತ್ತಿದರು, ತಿರುಗಿಸಿದರು, ಮುದ್ದು ಮಾಡಿದರು, ಬೈದರು. ಅದು ಸ್ಕೂಲಿಗೆ ಹೋಗಲ್ಲ ಅಂತ ಬಾಗಿಲು ಹಿಡಿದು ನಿಂತ ಮಗುವಿನ ಹಾಗೆ ಹಟ ಹಿಡಿದಿತ್ತು.

ವರ್ಷಗಟ್ಟಲೆ ಮಕ್ಕಳಿಂದ ಹೂಕುಂಡ ಬರೆಸುತ್ತಿದ್ದ ಮೇಷ್ಟ್ರ ಮನಸ್ಸಿನಲ್ಲಿ ಇದ್ದದ್ದು ಮಾತ್ರ ವೇಗದ ಕಾರು. ಕೊನೆಗೂ ಹಳೆಯದೊಂದು ಕೆಂಪು ಸ್ಪೋರ್ಟ್ಸ್ ಕಾರು ಸಿಕ್ಕಿತು. ಹಿಂದಿನ ಯಜಮಾನ ಆಯಿಲ್ ನೋಡದೆ ಓಡಿಸಿದ್ದ. ಎಂಜಿನ್ ಬಿಚ್ಚಿದರೆ ಒಂದು ಪಿಸ್ಟನ್ನಿನ ತಲೆಯೇ ಒಡೆದಿತ್ತು, ಕನೆಕ್ಟಿಂಗ್ ರಾಡು ಸೊಂಟ ಹಿಡಿದವರ ಹಾಗೆ ಬಗ್ಗಿತ್ತು, ಬೇರಿಂಗುಗಳು ಸವೆದು ಕಾಗದವಾಗಿದ್ದವು. ಲೇತ್ ಕೆಲಸ ಮುಗಿದು, ಹೊಸ ಸಾಮಾನು ಬಂದು, ಇವತ್ತು ರಜೆಯ ದಿನ ಜೋಡಣೆ. ಎಂಜಿನ್ನು ಶೆಡ್ಡಿನೊಳಗೆ ಕಬ್ಬಿಣದ ಸ್ಟ್ಯಾಂಡಿನ ಮೇಲಿತ್ತು. ಉಳಿದ ಕಾರು ಬಾನೆಟ್ ತೆರೆದುಕೊಂಡು ರಸ್ತೆಯಲ್ಲಿ, ಪಕ್ಕದ ಮನೆ ನರ್ಸಕ್ಕನ ಗೇಟಿನ ಹತ್ತಿರ ನಿಂತಿತ್ತು.

"ರೀ, ಇವತ್ತು ಸಂಜೆ ಅದು ಶಬ್ದ ಮಾಡ್ಲಿಲ್ಲ ಅಂದ್ರೆ, ನೀವೂ ಅದರ ಜೊತೆ ಶೆಡ್ಡಲ್ಲೇ ಇದ್ದುಬಿಡಿ," ಎಂದಿದ್ದರು ಹೆಂಡತಿ.

ಎದುರು ಮನೆಯ ನಿವೃತ್ತ ಬಸ್ ಡ್ರೈವರ್ ಒಳಗೆ ಇಣುಕಿದರು. "ಪಿಸ್ಟನ್ ಬಿಸಿ ಮಾಡಿ, ಪಿನ್ನು ತಣ್ಣಗೆ ಮಾಡಿ ಮೇಷ್ಟ್ರೇ. ತಾನೇ ಇಳಿಯತ್ತೆ."

ಪಿನ್ನು ಹಿಡಿದು ಫ್ರಿಜ್ಜಿನ ಕಡೆ ಹೊರಟ ಮೇಷ್ಟ್ರನ್ನು ಹೆಂಡತಿ ಅಡುಗೆಮನೆ ಬಾಗಿಲಲ್ಲೇ ತಡೆದರು. ಕೊನೆಗೆ ಫ್ರೀಜರ್ ಕೊಟ್ಟವರು ನರ್ಸಕ್ಕ. ಸ್ವಲ್ಪ ಹೊತ್ತಿನಲ್ಲಿ ತಣ್ಣಗಾದ ಪಿನ್ನು ಬೆಣ್ಣೆಯಲ್ಲಿ ಬೆರಳು ಇಳಿದ ಹಾಗೆ ಇಳಿಯಿತು. ಮೇಷ್ಟ್ರ ಕಣ್ಣು ತುಂಬಿ ಬಂತು.

"ಅಕ್ಕಾ, ನಿಮ್ಮ ಉಪಕಾರ ಈ ಜನ್ಮದಲ್ಲಿ ಮರೆಯಲ್ಲ!"

"ಫ್ರೀಜರಿಗೆಲ್ಲ ಜನ್ಮ ಯಾಕೆ ತರ್ತೀರಿ? ಮುಂದಿನ ಕೆಲಸ ನೋಡಿ," ಎಂದರು ನರ್ಸಕ್ಕ.

ಮುಂದಿನ ಕೆಲಸ, ಪಿನ್ನು ಜಾರದ ಹಾಗೆ ಹಿಡಿಯುವ ಸಣ್ಣ ಕ್ಲಿಪ್ಪು. ಅದು ಇಕ್ಕಳದಿಂದ ಟಿಣ್ ಅಂತ ಮಿಡತೆಯ ಹಾಗೆ ಹಾರಿತು. ಹೆಂಡತಿ ಟೀ ತಂದಾಗ ಮೂವರೂ ನೆಲದ ಮೇಲೆ ಅಂಬೆಗಾಲಿಡುತ್ತಿದ್ದರು. ಟೀ ಅಲ್ಲೇ ಇಟ್ಟು ಒಳಗೆ ಹೋದರು. ಕ್ಲಿಪ್ಪು ಸಿಕ್ಕಿದ್ದು ಎಂಜಿನ್ನಿನ ಹೊಟ್ಟೆಯೊಳಗೆ. ನರ್ಸಕ್ಕ ಆಸ್ಪತ್ರೆಯ ಚಿಮಟ ತಂದು ಒಂದೇ ಸಲಕ್ಕೆ ಎತ್ತಿದರು.

"ಮಕ್ಕಳ ಮೂಗಿಂದ ಬಟಾಣಿ ತೆಗೆದ ಕೈ ಇದು, ಮೇಷ್ಟ್ರೇ!"

ಮಧ್ಯಾಹ್ನ ಮೇಷ್ಟ್ರು ಕೈ ತೊಳೆದು ಬರುವಷ್ಟರಲ್ಲಿ ಡ್ರೈವರಣ್ಣ ಒಂದು ಪಿಸ್ಟನ್ ತಾವೇ ಇಳಿಸಿ, ಬೋಲ್ಟು ಬಿಗಿದು, ಬೆವರು ಒರೆಸಿಕೊಳ್ಳುತ್ತಿದ್ದರು. ಪಿಸ್ಟನ್ ತಲೆಯ ಮೇಲಿನ ಬಾಣದ ಗುರುತು ಎಂಜಿನ್ನಿನ ಮುಂದಕ್ಕೆ ನೋಡಬೇಕು. ಇದು ಹಿಂದಕ್ಕೆ ನೋಡುತ್ತಿತ್ತು.

"ಎಷ್ಟೋ ವರ್ಷ ಬಸ್ಸಿನ ಹಿಂಬಾಗಿಲೇ ನೋಡಿದ ಅಭ್ಯಾಸ," ಎಂದು ಡ್ರೈವರಣ್ಣ ತಲೆ ಕೆರೆದುಕೊಂಡರು.

ಮೇಷ್ಟ್ರು "ನೀವಿದ್ದಿದ್ದಕ್ಕೆ ಇಷ್ಟಾದ್ರೂ ಆಯ್ತು ಅಣ್ಣಾ," ಅಂದು ಎಲ್ಲವನ್ನೂ ಮತ್ತೆ ಬಿಚ್ಚಲು ಕೂತರು.

ಸಂಜೆಗೆ ಜೋಡಣೆ ಮುಗಿಯಿತು. "ಕಾರಲ್ಲಿ ಕೂರಿಸಿದ ಮೇಲೆ ಕೈ ಕೊಟ್ರೆ ಮತ್ತೆ ಇಳಿಸ್ಬೇಕು. ಸ್ಟ್ಯಾಂಡ್ ಮೇಲೇ ಒಂದು ಸಲ ನೋಡಿಬಿಡೋಣ," ಎಂದರು ಡ್ರೈವರಣ್ಣ. ಬ್ಯಾಟರಿ ಕೊಟ್ಟರು. ಎಂಜಿನ್ನು ಕೆಮ್ಮಿತು, ಸೀನಿತು, ಸುಮ್ಮನಾಯಿತು. ಇನ್ನೊಮ್ಮೆ ಕೊಟ್ಟರು. ಹೊಗೆ ಉಗುಳಿ, ಶೆಡ್ಡಿನ ತಗಡೆಲ್ಲ ನಡುಗುವ ಹಾಗೆ ಗರ್ಜಿಸಿತು! ಡ್ರೈವರಣ್ಣ ಕುಣಿದರು. ಕಿವಿ ಮುಚ್ಚಿಕೊಂಡು ಬಂದ ಹೆಂಡತಿಯ ಮುಖದಲ್ಲೂ ನಗು. "ಪರವಾಗಿಲ್ಲ ರೀ ನೀವು," ಎಂದರು. ಅಷ್ಟು ಮಾತಿಗಾಗಿ ಮೇಷ್ಟ್ರು ಇನ್ನೊಂದು ಎಂಜಿನ್ ಬೇಕಾದರೂ ಬಿಚ್ಚುತ್ತಿದ್ದರು.

ನರ್ಸಕ್ಕ ಮಾತ್ರ ಕಾಣಲಿಲ್ಲ. ಅವರಿಗೆ ಮೊದಲು ಹೇಳಬೇಕೆಂದು ಮೇಷ್ಟ್ರು ರಸ್ತೆಗೆ ಓಡಿದರು. ನರ್ಸಕ್ಕ ಪೊರಕೆ ಹಿಡಿದು ಗೇಟಿನ ಮುಂದೆ ಗುಡಿಸುತ್ತಿದ್ದರು. ಜಾಗ ವಿಶಾಲವಾಗಿತ್ತು. ತೀರಾ ವಿಶಾಲವಾಗಿತ್ತು.

"ಅಕ್ಕಾ... ಕಾರು?"

"ಗುಜರಿಯವರು ಈಗಷ್ಟೇ ಒಯ್ದರು. ನಿಮಗೊಂದು ತಲೆನೋವು ಕಮ್ಮಿ ಆಗ್ಲಿ ಅಂತ ನಾನೇ ಕರೆಸಿದೆ."

"ನಾನು... ಯಾವಾಗ..."

"ಮಧ್ಯಾಹ್ನ ಕೇಳಿದ್ನಲ್ಲ, ಆ ಖಾಲಿ ಡಬ್ಬಾ ಕಳಿಸಿಬಿಡ್ಲಾ ಅಂತ? ಎಂಜಿನ್ನೊಳಗೆ ತಲೆಯಿಟ್ಟುಕೊಂಡೇ, 'ನೀವು ಹೇಗೆ ಹೇಳಿದ್ರೆ ಹಾಗೇ ಅಕ್ಕಾ, ದೊಡ್ಡ ಉಪಕಾರ' ಅಂದ್ರಿ. ಇಷ್ಟು ಒಳ್ಳೆ ಎಂಜಿನ್ನಿಗೆ ಹೊಸ ಕಾರೇ ತರ್ತೀರೇನೋ ಅಂದ್ಕೊಂಡೆ. ಲಾರಿಯಲ್ಲೇ ಒತ್ತುವ ಯಂತ್ರ ತಂದಿದ್ರು ನೋಡಿ, ನಿಮ್ಮ ಕಾರು ಟ್ರಂಕಿನಷ್ಟಾಯ್ತು. ನಿಮ್ಮನ್ನ ಎಷ್ಟು ಕೂಗಿದೆ! ಶೆಡ್ಡಲ್ಲಿ ಆ ಗಲಾಟೆ, ಕೇಳಿಸಿದ್ರೆ ತಾನೇ?"

ಶೆಡ್ಡಿನಲ್ಲಿ ಎಂಜಿನ್ನು ಇನ್ನೂ ಗರ್ಜಿಸುತ್ತಿತ್ತು. ಒಂದು ಬಿಕ್ಕಳಿಕೆಯೂ ಇಲ್ಲ.

"ಹಾಂ, ಮರೆತಿದ್ದೆ," ಎಂದು ನರ್ಸಕ್ಕ ಗೇಟಿಗೆ ಒರಗಿಸಿದ್ದ ಛತ್ರಿ ಎತ್ತಿ ಕೊಟ್ಟರು. "ಸೀಟಿನ ಕೆಳಗಿತ್ತು. ಪಾಪ, ಅದೂ ಹೋಗ್ಬಾರ್ದು ಅಂತ ತೆಗೆದಿಟ್ಟೆ."

ಮೇಷ್ಟ್ರು ಎರಡೂ ಕೈಯಲ್ಲಿ ಛತ್ರಿ ಇಸಿದುಕೊಂಡರು.

"ತುಂಬಾ ಉಪಕಾರ ಆಯ್ತು, ಅಕ್ಕಾ," ಎಂದರು.