ಹದಿನಾಲ್ಕು ತುಂಬದ ಪದಕ

ಐವತ್ತಾರು ವರ್ಷಗಳ ಹಿಂದೆ, ಜಿಲ್ಲಾ ಮಟ್ಟದ ಅಂಗಸಾಧನೆಯ ಸ್ಪರ್ಧೆಯಲ್ಲಿ, ರಾಮಪ್ರಸಾದರು ಪ್ಯಾರಲಲ್ ಬಾರಿನ ಮೇಲೆ ತಲೆಕೆಳಗಾಗಿ ನಿಂತು ಚಿನ್ನದ ಪದಕ ಗೆದ್ದಿದ್ದರು. ಹೊಂಗೆಯ ಕೊಂಬೆಗೆ ಜೋತುಬಿದ್ದು ಕಲಿತ ವಿದ್ಯೆ ಅದು. ಅಂಗೈಯ ಬೊಬ್ಬೆಗಳು ಒಡೆದು, ಎರಡು ತಿಂಗಳು ತಾಯಿಯೇ ತುತ್ತು ಕಲಸಿ ಬಾಯಿಗಿಡಬೇಕಾಗಿತ್ತು. ಈ ವೃತ್ತಾಂತವನ್ನು ಜಯನಗರದ ಉದ್ಯಾನದಲ್ಲಿ ಅಡ್ಡಾಡುವವರೆಲ್ಲ ಕೇಳಿದ್ದರು. ಕೆಲವರು ಕೇಳಿದ ಮೇಲೆ ಅಡ್ಡಾಡುವ ಹೊತ್ತನ್ನೇ ಬದಲಿಸಿಕೊಂಡಿದ್ದರು.

ಆ ಪದಕದ ಬಲದಿಂದಲೇ ಬಡಾವಣೆಯ ಕ್ರೀಡಾಸಂಘದವರು ಭಾನುವಾರದ ಜಿಮ್ನಾಸ್ಟಿಕ್ಸ್ ಸ್ಪರ್ಧೆಗೆ ಅವರನ್ನು ವಯಸ್ಸು ಪರಿಶೀಲಿಸುವ ಅಧಿಕಾರಿಯನ್ನಾಗಿ ಕೂರಿಸಿದರು. ಅವರು ಪದಕವನ್ನು ಕೊರಳಿಗೆ ಹಾಕಿಕೊಂಡೇ ಬಂದರು. ನಿಯಮ ಒಂದೇ: ಸ್ಪರ್ಧೆಯ ದಿನಕ್ಕೆ ಹದಿನಾಲ್ಕು ತುಂಬಿರಬೇಕು.

ಮೊದಲ ಜನನಪತ್ರವೇ ಕಂಟಕವಾಯಿತು. ಅದು ಪಕ್ಕದ ಮನೆಯ ಅಜ್ಜಿ ಚೂಡಾಮಣಿಯವರ ಮೊಮ್ಮಗಳು ಸಮನ್ವಿತಾಳದು. ಹದಿನಾಲ್ಕಕ್ಕೆ ಹನ್ನೆರಡು ದಿನ ಕಡಿಮೆ.

"ಹನ್ನೆರಡು ದಿನ ಒಂದು ಲೆಕ್ಕಾನಾ ರಾಮಪ್ರಸಾದ್ ಅವರೇ?" ಎಂದರು ಚೂಡಾಮಣಿ. "ತಿಥಿ ಪ್ರಕಾರ ಅವಳ ಹುಟ್ಟುಹಬ್ಬ ಮೊನ್ನೆನೇ ಆಯ್ತು. ಪಾಯಸ ನೀವೇ ಎರಡು ಲೋಟ ಕುಡಿದ್ರಿ."

"ಪಾಯಸಕ್ಕೆ ತಿಥಿ, ಪಂದ್ಯಕ್ಕೆ ತಾರೀಖು."

"ಹೋಗ್ಲಿ, ಮುಂಜಿಗೆ ಗರ್ಭದಿಂದ ವರ್ಷ ಎಣಿಸ್ತಾರೆ. ಹಾಗೆ ಎಣಿಸಿದ್ರೆ ಇವಳಿಗೆ ಹದಿನಾಲ್ಕು ಮುಕ್ಕಾಲು."

"ನಾನಿಲ್ಲಿ ಜನಿವಾರ ಹಾಕೋಕೆ ಕೂತಿಲ್ಲ ಕಣ್ರೀ."

ರಾಮಪ್ರಸಾದರು ಕನ್ನಡಕ ಸರಿಪಡಿಸಿಕೊಂಡು ನಿಯಮದ ಮರ್ಮವನ್ನು ಬಿಡಿಸಿ ಹೇಳಿದರು. ಸಣ್ಣ ಮೈಯವರು ಬುಗುರಿಯಂತೆ ಸಲೀಸಾಗಿ ತಿರುಗುತ್ತಾರೆ, ಅದು ಬೆಳೆದ ಹುಡುಗಿಯರಿಗೆ ಅನ್ಯಾಯ. ಬಲಿಯದ ಎಲುಬಿಗೆ ಅಷ್ಟು ಭಾರ ಹೊರಿಸುವುದು ಆ ಸಣ್ಣವಳಿಗೇ ಅನ್ಯಾಯ. "ನಾನು ಗೆದ್ದಾಗಲೂ ಇದೇ ನಿಯಮ. ಹದಿನಾಲ್ಕರಿಂದ ಹದಿನಾರು. ಒಂದು ದಿನ ಕಮ್ಮಿ ಇದ್ರೂ ಒಳಗೆ ಬಿಡ್ತಿರಲಿಲ್ಲ."

ಚೂಡಾಮಣಿಯವರು ಬೆರಳು ಮಡಿಸತೊಡಗಿದರು.

"ಗೆದ್ದಿದ್ದು ಐವತ್ತಾರು ವರ್ಷದ ಹಿಂದೆ, ಅಲ್ವಾ? ಈ ಶ್ರಾವಣದಲ್ಲಿ ತಾನೆ ನಿಮ್ಮ ಭೀಮರಥ ಶಾಂತಿ ಆಗಿದ್ದು? ಅರವತ್ತೊಂಬತ್ತು ತುಂಬಿತು ಅಂತ ಪುರೋಹಿತರು ಮೈಕಲ್ಲೇ ಹೇಳಿದ್ರು. ಅರವತ್ತೊಂಬತ್ತರಲ್ಲಿ ಐವತ್ತಾರು ಕಳೆದ್ರೆ ಎಷ್ಟು?"

ಸಾಲಿನಲ್ಲಿ ನಿಂತಿದ್ದ ಹುಡುಗಿಯರು ಒಕ್ಕೊರಲಿನಿಂದ, "ಹದಿಮೂರು," ಎಂದರು.

ರಾಮಪ್ರಸಾದರ ಮುಖ ಹಿಂಡಿದ ಸೊಪ್ಪಿನಂತಾಯಿತು. ಹಸಿದ ಮನೆಯ ಹುಡುಗ ಮಧ್ಯಾಹ್ನದ ಉಪ್ಪಿಟ್ಟಿಗಾದರೂ ಬೇಗ ಶಾಲೆ ಸೇರಲೆಂದು, ಹೆಡ್‌ಮಾಸ್ಟರ್ ರೇವಣಸಿದ್ದಪ್ಪನವರು ದಾಖಲೆಯಲ್ಲಿ ವಯಸ್ಸು ಒಂದು ವರ್ಷ ಹೆಚ್ಚಿಗೆ ಹಾಕಿ, ಹುಟ್ಟಿದ ದಿನ ಜೂನ್ ಒಂದೆಂದು ಬರೆದಿದ್ದರು. ಅವರನ್ನು ನೆನೆಯದೆ ರಾಮಪ್ರಸಾದರು ಇಂದಿಗೂ ತಟ್ಟೆಗೆ ಕೈಯಿಡುವುದಿಲ್ಲ. ಆದರೆ ಆ ಉಪಕಾರದ ಲೆಕ್ಕ ಪದಕದವರೆಗೂ ಬರಬಹುದೆಂದು ಅವರು ಎಂದೂ ಎಣಿಸಿರಲಿಲ್ಲ.

"ನಿಯಮ ಎಲ್ಲರಿಗೂ ಒಂದೇ," ಎಂದು ಅವರು ಕೊರಳಿನಿಂದ ಪದಕ ತೆಗೆದರು. "ಇದು ಎರಡನೇ ಬಂದ ಯಲ್ಲಯ್ಯನಿಗೆ ಸೇರಬೇಕು. ಸುದ್ದಗುಂಟೆಪಾಳ್ಯದಲ್ಲಿದಾನೆ. ಈಗಲೇ ಕೊಟ್ಟು ಬರ್ತೀನಿ."

ಕುರ್ಚಿಯನ್ನು ಸಂಘದ ಕಾರ್ಯದರ್ಶಿಗೆ ಒಪ್ಪಿಸಿ ಆಟೋ ಹತ್ತಿದರು. "ಸಾಕ್ಷಿ ಬೇಕಲ್ಲ," ಎನ್ನುತ್ತ ಚೂಡಾಮಣಿಯವರೂ ಮೊಮ್ಮಗಳನ್ನು ಎಳೆದುಕೊಂಡು ಹತ್ತಿದರು.

ದಾರಿಯಲ್ಲಿ ಸಮನ್ವಿತಾ ಮೆಲ್ಲಗೆ, "ಥ್ಯಾಂಕ್ಸ್ ತಾತ," ಎಂದಳು. "ಒಂದು ವಾರದಿಂದ ಮಣಿಕಟ್ಟು ಸಖತ್ ನೋಯ್ತಿದೆ. ಅಜ್ಜಿಗೆ ಹೇಳೋಕೆ ಭಯ ಆಯ್ತು."

ಮಾತು ಅಜ್ಜಿಯ ಕಿವಿಗೂ ಬಿತ್ತು. ಅವರು ಹುಡುಗಿಯ ಕೈಯನ್ನು ತಮ್ಮ ಮಡಿಲಿಗೆಳೆದುಕೊಂಡು, ಮುಂದಿನ ಸಿಗ್ನಲ್‌ವರೆಗೆ ಮಣಿಕಟ್ಟನ್ನು ಮೆಲ್ಲಗೆ ನೀವಿದರು.

ಯಲ್ಲಯ್ಯ ಮನೆಯ ಮುಂದಿನ ಜಗುಲಿಯಲ್ಲಿ ಕುಳಿತು ನೆನೆಸಿದ ಅವರೆಕಾಳು ಹಿಸುಕುತ್ತಿದ್ದರು. ಸಂಗತಿಯೆಲ್ಲ ಕೇಳಿ, ಚಾಚಿದ ಪದಕವನ್ನು ಕಂಡು, ಕೈಗಳೆರಡನ್ನೂ ಬೆನ್ನ ಹಿಂದೆ ಕಟ್ಟಿಕೊಂಡರು.

"ನನಗೆ ಬೇಡ ಕಣೋ ಪ್ರಸಾದಿ. ಆಗ ನನಗೆ ಹದಿನೇಳು. ನಮ್ಮ ಮೇಷ್ಟ್ರು ಒಂದು ವರ್ಷ ಕಮ್ಮಿ ಬರೆದಿದ್ರು. ಆವತ್ತು ಬೆಳಿಗ್ಗೆ ಎರಡು ಸಲ ಮೀಸೆ ಬೋಳಿಸ್ಕೊಂಡು ಬಂದಿದ್ದೆ. ಗೆದ್ದಿದ್ರೆ ರಾಜ್ಯಮಟ್ಟಕ್ಕೆ ಡಾಕ್ಟರು ವಯಸ್ಸು ನೋಡೋರು, ಸಿಕ್ಕಿಬೀಳ್ತಿದ್ದೆ. ನೀನು ಗೆದ್ದು ನನ್ನ ಮಾನ ಉಳಿಸ್ದೆ. ಐವತ್ತಾರು ವರ್ಷದಿಂದ ನಿನ್ನ ಹೆಸರಲ್ಲಿ ದೇವರಿಗೊಂದು ಹೂವು ಇಡ್ತಿದೀನಿ."

"ಹಾಗಾದ್ರೆ ಮೂರನೇ ಬಂದವರಿಗೆ ಕೊಡಿ," ಎಂದರು ಚೂಡಾಮಣಿ.

ರಾಮಪ್ರಸಾದರು ಅವರೆಕಾಳನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು.

"ಮೂರನೆಯವನು ಎಲ್ಲಿಂದ ಬರ್ಬೇಕಮ್ಮ?" ಎಂದರು ಯಲ್ಲಯ್ಯ. "ಆ ಪಂದ್ಯಕ್ಕೆ ಬಂದಿದ್ದೇ ನಾವಿಬ್ಬರು."

ಐವತ್ತಾರು ವರ್ಷ ಜತನದಿಂದ ಕತೆಯ ಹೊರಗಿಟ್ಟಿದ್ದ ಸಂಗತಿ ಹೀಗೆ ಸಿಪ್ಪೆ ಕಳಚಿಕೊಂಡು ಹೊರಬಿತ್ತು. ಪದಕ ಮರಳಿ ರಾಮಪ್ರಸಾದರ ಜೇಬನ್ನೇ ಸೇರಿತು. ನ್ಯಾಯವಾಗಿ ನೋಡಿದರೆ ಈಗ ಅದು ಯಾರದೂ ಆಗಿರಲಿಲ್ಲ. ಚೂಡಾಮಣಿಯವರು ನಾಳೆ ಉದ್ಯಾನದಲ್ಲಿ ಯಾರ ಬಳಿ ಮೊದಲು ಹೇಳಬೇಕೆಂದು ಆಗಲೇ ಯೋಚಿಸುತ್ತಿದ್ದರು.

ಸಮನ್ವಿತಾ ಮಾತ್ರ ಜಗುಲಿಯ ಮೇಲೆ ರಾಮಪ್ರಸಾದರ ಪಕ್ಕಕ್ಕೆ ಸರಿದು ಕುಳಿತಳು.

"ತಾತ, ಆ ಕತೆ ಇನ್ನೊಂದ್ಸಲ ಹೇಳ್ತೀರಾ? ಈ ಸಲ ಯಲ್ಲಯ್ಯ ತಾತನ ಮೀಸೆನೂ ಸೇರಿಸಿ."